ನಮ್ಮನೆಯವರು ಯಾರ ಕಡೆಯವರು

ನಮ್ಮನೆಯವರ ವಿಷಯ ಹೇಳಬೇಕೆಂದರೆ ಮೊದಲು ಅವರು ಮನೆಯಲ್ಲಿ ಹೇಗಿರುತ್ತಾರೆ ಎಂಬುದನ್ನು ಹೇಳಬೇಕು. ಕೂತರೆ ಕೂತರು, ಅಷ್ಟೇ. ಒಂದು ಕಡ್ಡಿಯನ್ನು ಎತ್ತಿ ಈ ಕಡೆಯಿಂದ ಆ ಕಡೆಗೆ ಇಟ್ಟವರಲ್ಲ. ನೀರಿನ ಲೋಟ ಕೈಗೆ ಎಟುಕುವಷ್ಟು ಹತ್ತಿರವಿದ್ದರೂ "ಲೇ, ನೀರು" ಎಂದು ನನ್ನನ್ನು ಅಡುಗೆಮನೆಯಿಂದ ಕರೆಯುತ್ತಾರೆ. ಫ್ಯಾನಿನ ಸ್ವಿಚ್ಚು ಅವರ ತಲೆಯ ಪಕ್ಕದಲ್ಲೇ ಇದೆ. ಅದನ್ನು ಹಾಕಲಿಕ್ಕೂ ನಾನೇ ಬರಬೇಕು. ಮದುವೆಯಾದ ಹೊಸದರಲ್ಲಿ, ಇವರಿಗೆ ಸೊಂಟದಲ್ಲಿ ಏನಾದರೂ ತೊಂದರೆ ಇದೆಯೋ ಏನೋ ಎಂದು ಒಳಗೊಳಗೇ ಹೆದರಿದ್ದೆ. ತೊಂದರೆ ಇದ್ದದ್ದು ಸೊಂಟದಲ್ಲಲ್ಲ, ನಮ್ಮತ್ತೆಯಲ್ಲಿ. "ಪಾಪ, ಆಫೀಸಿನಲ್ಲಿ ದುಡಿದು ಬರ್ತಾನೆ, ಕೂತ್ಕೊಳ್ಳಲಿ ಬಿಡು" ಎನ್ನುತ್ತಾ ಎನ್ನುತ್ತಾ ಅವರು ಮಗನನ್ನು ಆ ಕುರ್ಚಿಗೆ ಅಂಟಿಸಿಬಿಟ್ಟಿದ್ದರು.

ಆಫೀಸೆಂದರೆ ಸರಕು ಸಾಗಿಸುವ ಒಂದು ಕಂಪನಿಯದು. ದೊಡ್ಡ ಕಟ್ಟಡ, ಮೇಲಿನ ಮಹಡಿ, ಎಲ್ಲಿ ನೋಡಿದರೂ ಗಾಜು. ನಮ್ಮನೆಯವರು ಅಲ್ಲಿ ಅಟೆಂಡರು. ಸಾಹೇಬರ ಗಾಜಿನ ಕೋಣೆಯ ಹೊರಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಇವರು. ಒಂದು ದಿನ ಊಟದ ಡಬ್ಬಿ ಮರೆತು ಹೋಗಿದ್ದರೆಂದು ನಾನೇ ಕೊಡಲು ಹೋದೆ. ಅಲ್ಲಿ ಕಂಡದ್ದನ್ನು ನೋಡಿ ಮೈಯೆಲ್ಲ ಉರಿದುಹೋಯಿತು. ಸಾಹೇಬರು ತಲೆ ಎತ್ತದೆ ಮೇಜಿನ ಮೇಲೆ ಎರಡು ಬೆರಳು ಟಕಟಕ ಕುಟ್ಟಿದರು. ನಮ್ಮನೆಯವರು ಚಂಗನೆ ಎದ್ದರು. ಬಿಸಿನೀರು ಒಂದಿಷ್ಟು, ತಣ್ಣೀರು ಒಂದಿಷ್ಟು ಬೆರೆಸಿ, ಲೋಟದ ಹೊರಮೈ ಒರೆಸಿ, ಒಳಗೆ ಹೋಗಿ ನಿಂತರು. ಸಾಹೇಬರು ಕಾಗದ ನೋಡುತ್ತಲೇ ಕೈ ಚಾಚಿದರು, ಕುಡಿದರು, ಖಾಲಿ ಲೋಟವನ್ನು ಗಾಳಿಯಲ್ಲಿ ಹಿಡಿದರು. ಅದು ಬೀಳುವ ಮೊದಲೇ ಇವರ ಅಂಗೈ ಅಲ್ಲಿತ್ತು. ಸಾಹೇಬರು ಕನ್ನಡಕವನ್ನು ಹಣೆಗೆ ಏರಿಸಿದರು, ಇವರು ಕಿಟಕಿಯ ಪರದೆ ಇಳಿಸಿದರು. ಮಾತಿಲ್ಲ, ಕತೆಯಿಲ್ಲ.

ಅಂದು ಸಂಜೆ ಕುರ್ಚಿಯಲ್ಲಿ ಕೂತು "ಲೇ, ನೀರು" ಎಂದರು. ನಾನು ಎದುರು ಕೂತು ಮೇಜಿನ ಮೇಲೆ ಎರಡು ಬೆರಳು ಕುಟ್ಟಿದೆ.

"ಏನೇ ಅದು, ಇರುವೆ ಹೊಡೀತಿದ್ದೀಯಾ?"

"ಹಿಂಗೆ ಕುಟ್ಟಿದ್ರೆ ನೀರು ಅಂತ ನಿಮಗೆ ಅಲ್ಲಿ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಹಂಗೇ ಗೊತ್ತಾಗತ್ತೆ. ಅವರಿಗೊಂದು ಹಲ್ಲು ಜುಮ್ ಅನ್ನತ್ತೆ ಕಣೆ, ಬರೀ ತಣ್ಣೀರು ಆಗಲ್ಲ."

"ನನ್ನ ಹಲ್ಲು?" ಎಂದು ಕೇಳಿದೆ. ನನ್ನ ಹಲ್ಲಿನ ಬಗ್ಗೆ ಅವರ ಬಳಿ ಯಾವ ಮಾಹಿತಿಯೂ ಇರಲಿಲ್ಲ.

ಹೀಗಿದ್ದ ಮನುಷ್ಯ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೋದವರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಮುಖ ಪೆಚ್ಚಾಗಿತ್ತು. ಆಫೀಸಿನ ಬಾಗಿಲಿಗೆ ಕಾರ್ಡು ತೋರಿಸಿದರೆ ಹಸಿರು ದೀಪ ಹತ್ತಬೇಕು. ಅಂದು ಕೆಂಪು ಹತ್ತಿತಂತೆ. ಇವರು ಮಷೀನು ಕೆಟ್ಟಿದೆ ಎಂದುಕೊಂಡರು. ಯಾರಾದರೂ ಬಂದು ರಿಪೇರಿ ಮಾಡಲಿ ಎಂದು ಕಾದು ನಿಂತರು. ಸುಮ್ಮನೆ ನಿಲ್ಲುವುದು ಹೇಗೆ ಎಂದು, ಬೇರೆಯವರು ಹಸಿರು ದೀಪ ಹತ್ತಿಸಿಕೊಂಡು ಬಂದಾಗಲೆಲ್ಲ ಅವರಿಗೆ ಬಾಗಿಲು ಹಿಡಿದುಕೊಂಡರು. ತನ್ನನ್ನು ಹೊರಗೆ ಹಾಕಿದ ಬಾಗಿಲನ್ನು ಊರಿಗೆಲ್ಲ ತೆರೆದು ಹಿಡಿದ ಮನುಷ್ಯ ಇವರೊಬ್ಬರೇ ಇರಬೇಕು. ಕೊನೆಗೆ ದಿನವೂ ಜೊತೆಯಲ್ಲಿ ಟೀ ಕುಡಿಯುತ್ತಿದ್ದ ಕಾವಲಿನವನಿಗೇ ತಡೆಯಲಾಗಲಿಲ್ಲ. "ಅಣ್ಣ, ಮಷೀನು ಸರಿಯಾಗಿದೆ. ನಿಮ್ಮನ್ನ ತೆಗೆದಿದ್ದಾರೆ" ಎಂದನಂತೆ.

ಆಗಿದ್ದು ಇಷ್ಟು. ಇವರು ಕಂಪನಿಯ ಆಫೀಸಿನಲ್ಲಿ ದುಡಿದರೂ ಸಂಬಳ ಕೊಡುತ್ತಿದ್ದವನು ಒಬ್ಬ ಕಂಟ್ರಾಕ್ಟರು. ಹಳೆಯ ಕಂಟ್ರಾಕ್ಟರನ ಗುತ್ತಿಗೆ ಮುಗಿದಿತ್ತು, ಹೊಸಬ ತನ್ನ ಜನರನ್ನು ಕರೆತಂದಿದ್ದ. ಹೊಸಬನ ಸೂಪರ್‌ವೈಸರನ್ನು ಕೇಳಿದರೆ "ನೀವು ಹಳಬನ ಕಡೆಯವರು, ಅವನನ್ನ ಕೇಳಿ" ಎಂದ. ಹಳಬನನ್ನು ಕೇಳಿದರೆ "ನನ್ನ ಗುತ್ತಿಗೆನೇ ಹೋಯ್ತಲ್ಲಪ್ಪ, ಕಂಪನಿಯನ್ನ ಕೇಳು" ಎಂದ. ಕಂಪನಿಗೆ ಫೋನು ಮಾಡಿದರೆ ಒಂದು ಹುಡುಗಿ ಜೇನಿನಂಥ ದನಿಯಲ್ಲಿ "ನೀವು ಕಂಟ್ರಾಕ್ಟರ್ ಕಡೆಯವರು ಸಾರ್" ಎಂದಳು. ಮೂವರೂ ಸೇರಿ ತಾರಮ್ಮಯ್ಯ ಆಡಿಸಿಬಿಟ್ಟರು.

"ಇದಕ್ಕೆ ಮುಂಚೆನೂ ಕಂಟ್ರಾಕ್ಟರು ಬದಲಾಗಿದ್ರಾ?" ಎಂದು ಕೇಳಿದೆ.

"ಆಗಿರಬೇಕು. ಆಗಾಗ ಶರ್ಟಿನ ಬಣ್ಣ ಬದಲಾಗ್ತಿತ್ತು."

ತನಗೆ ಸಂಬಳ ಕೊಡುವವನು ಯಾರೆಂಬುದು ಈ ಮಹಾರಾಯರಿಗೆ ಶರ್ಟಿನ ಬಣ್ಣದಷ್ಟೇ ಗೊತ್ತಿತ್ತು. ಬಣ್ಣ ಬದಲಾದರೂ ಸ್ಟೂಲು ಬದಲಾಗಿರಲಿಲ್ಲ, ಸಾಹೇಬರು ಬದಲಾಗಿರಲಿಲ್ಲ. ಹಾಗಾಗಿ ಇವರಿಗೆ ಏನೂ ಬದಲಾದಂತೆ ಅನ್ನಿಸಿರಲಿಲ್ಲ.

"ಸಾಹೇಬ್ರಿಗೆ ವಿಷಯ ಗೊತ್ತಿಲ್ಲ ಅನ್ನಿಸತ್ತೆ. ಗೊತ್ತಾದ್ರೆ ಬಿಡ್ತಾರಾ?" ಎಂದರು. ಮರುದಿನ ಕಾರು ನಿಲ್ಲುವ ಜಾಗದಲ್ಲಿ ಕಾದು ನಿಂತು ಬಂದರು. ಸಾಹೇಬರು ಕಾರಿಳಿದು, ಇವರನ್ನು ದಾಟಿ, ಒಳಗೆ ಹೋದರಂತೆ. "ಫೋನಿನಲ್ಲಿದ್ದರು, ಪಾಪ" ಎಂದು ನನಗೆ ವರದಿ ಬಂತು. ಫೋನು ಯಾವ ಕಿವಿಯಲ್ಲಿತ್ತು ಎಂದು ಕೇಳಿದೆ. ಇವರು ತಮ್ಮ ಎರಡೂ ಕಿವಿ ಮುಟ್ಟಿ ನೋಡಿಕೊಂಡರು.

ಆಮೇಲಿನ ದಿನಗಳನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಕುಳಿತಲ್ಲಿಂದ ಏಳದ ಮನುಷ್ಯ ಮನೆಯಲ್ಲಿ ಎದ್ದು ಎದ್ದು ಕೂರಲು ಶುರುಮಾಡಿದರು. ಪಕ್ಕದ ಮನೆಯ ಕಾಲ್‌ಬೆಲ್ ಸದ್ದಾದರೆ ಎದ್ದರು. ಕುಕ್ಕರು ಕೂಗಿದರೆ ಎದ್ದರು. ನಮ್ಮತ್ತೆ ಕೆಮ್ಮಿದರೆ ನೀರು ಹಿಡಿದು ನಿಂತರು, ಎಂದೂ ಕಾಣದ ಈ ಸೇವೆ ಕಂಡು ಮುದುಕಿಗೆ ಗಾಬರಿಯಾಗಿ "ಡಾಕ್ಟರು ನನ್ನ ಬಗ್ಗೆ ಏನಾದ್ರೂ ಅಂದ್ರಾ?" ಎಂದು ನನ್ನನ್ನು ಗುಟ್ಟಾಗಿ ಕೇಳಿದರು. ನನಗೂ ಒಂದು ಲೋಟ ನೀರು ಬಂತು. ಬಿಸಿ ಒಂದಿಷ್ಟು, ತಣ್ಣಗೆ ಒಂದಿಷ್ಟು. ಎಷ್ಟೋ ವರ್ಷ ಬಯಸಿದ್ದ ಆ ನೀರನ್ನು ಹಾಗೇ ಮೇಜಿನ ಮೇಲಿಟ್ಟೆ. ಈ ಮನುಷ್ಯನಿಗೆ ಆ ಸ್ಟೂಲು ವಾಪಸ್ಸು ಸಿಗದಿದ್ದರೆ ಇವರು ಉಳಿಯುವುದಿಲ್ಲ ಎಂದು ನನಗೆ ಅವತ್ತೇ ಅನ್ನಿಸಿತು.

ಹಳೆಯ ಕಂಟ್ರಾಕ್ಟರನ ಕಡೆಯ ಒಬ್ಬ ಮನೆಗೇ ಬಂದ. ಕೈಯಲ್ಲಿ ಒಂದು ಕಾಗದ. "ನಾನಾಗೇ ಕೆಲಸ ಬಿಟ್ಟೆ ಅಂತ ಒಂದು ಸಹಿ ಹಾಕಿಬಿಡಿ, ಏನೋ ಒಂದಿಷ್ಟು ಕೊಡ್ತೀವಿ" ಎಂದ. ನಮ್ಮತ್ತೆ "ಹಾಕೋ, ಬಂದಿದ್ದು ಬರಲಿ" ಎಂದರು. ನಮ್ಮನೆಯವರು ಯಾರಾದರೂ ಕಾಗದ ಚಾಚಿದರೆ ಸಾಕು, ಪೆನ್ನು ತೆಗೆಯುವ ಪೈಕಿ. ನಾನು ಆ ಪೆನ್ನು ಕಿತ್ತುಕೊಂಡೆ. ಬಂದವನಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದ.

ಸಂಜೆಯೇ ಇವರನ್ನು ಎಳೆದುಕೊಂಡು ವಕೀಲಮ್ಮನ ಹತ್ತಿರ ಹೋದೆ. ನಮ್ಮ ಬೀದಿಯ ಕೊನೆಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ ಆಕೆಯ ಕಚೇರಿ. ಚಿಕ್ಕ ವಯಸ್ಸಿನವಳು, ಮಾತು ಚುರುಕು. ಮೊದಲು ಕೇಳಿದ್ದೇ "ಎಲ್ಲಾದ್ರೂ ಸಹಿ ಹಾಕಿದ್ರಾ?" ಎಂದು. ಇಲ್ಲ ಎಂದಾಗ "ಯಾರು ತಡೆದಿದ್ದು?" ಎಂದಳು. ನಾನು ಕೈ ಎತ್ತಿದೆ.

"ಅಕ್ಕಾ, ದಾರಿನೇ ಇಲ್ಲ ಅಂತ ತಿಳ್ಕೋಬೇಡಿ. ಮೊದಲು ಕಾರ್ಮಿಕ ಇಲಾಖೆಗೆ ದೂರು ಕೊಡೋಣ. ಅಲ್ಲಿನ ಅಧಿಕಾರಿ ಎಲ್ಲರನ್ನೂ ಒಂದೇ ಕಡೆ ಕೂರಿಸಿ ಮಾತಾಡಿಸ್ತಾರೆ, ಸಂಧಾನ ಅಂತಾರೆ ಅದಕ್ಕೆ. ಅಲ್ಲಿ ಬಗೆಹರೀಲಿಲ್ಲ ಅಂದ್ರೆ ಕಾರ್ಮಿಕ ನ್ಯಾಯಾಲಯ ಇದೆ. ನೋಟಿಸ್ ಕೊಡದೆ ರಾತ್ರೋರಾತ್ರಿ ತೆಗೆದಿದ್ದಕ್ಕೆ ಪರಿಹಾರ ಕೇಳಬಹುದು. ಕೆಲಸವೇ ವಾಪಸ್ ಬೇಕು ಅಂತಲೂ ಕೇಳಬಹುದು. ಕಂಟ್ರಾಕ್ಟರ್ ಬರೀ ಹೆಸರಿಗೆ, ದುಡಿಸಿಕೊಂಡಿದ್ದೆಲ್ಲ ಕಂಪನಿನೇ ಅಂತ ತೋರಿಸಿದ್ರೆ ಕಂಪನಿಯನ್ನೇ ಹಿಡಿದು ಕೇಳಬಹುದು. ಅಣ್ಣ, ನಿಮಗೆ ಯಾವುದು ಬೇಕು ಹೇಳಿ."

ನಮ್ಮನೆಯವರು ಯೋಚಿಸಿ, "ನನಗೆ ನನ್ನ ಸ್ಟೂಲು ಬೇಕಮ್ಮ" ಎಂದರು.

"ಸ್ಟೂಲು ಬೇಕಂದ್ರೆ ನಿಮಗೆ ಕೆಲಸ ಹೇಳ್ತಿದ್ದೋರು ಕಂಪನಿಯೋರೇ ಅಂತ ತೋರಿಸಬೇಕು. ದಿನಾ ಯಾರು ಹೇಳ್ತಿದ್ರು?"

"ಸಾಹೇಬ್ರು."

"ಏನಂತ ಹೇಳ್ತಿದ್ರು? ಸುಮ್ನೆ ಒಂದು ಉದಾಹರಣೆ ಕೊಡಿ."

ಇವರು ಬೆರಳು ಮಡಚಿ ಎಣಿಸಲು ಹೊರಟರು, ಒಂದು ಬೆರಳೂ ಮಡಚಲಿಲ್ಲ. "ಏನೂ ಹೇಳ್ತಿರಲಿಲ್ಲ" ಎಂದರು. ಆಮೇಲೆ ಎದೆ ಉಬ್ಬಿಸಿ, "ಹೇಳಿಸಿಕೊಂಡು ಮಾಡೋನಲ್ಲಮ್ಮ ನಾನು" ಎಂದು ಸೇರಿಸಿದರು.

ವಕೀಲಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಇಷ್ಟು ವರ್ಷ ಜಂಬ ಕೊಚ್ಚಿಕೊಂಡ ಗುಣವೇ ಈಗ ಇವರ ಕುತ್ತಿಗೆಗೆ ಬಂದಿತ್ತು. ಬೈದು ಕೆಲಸ ಮಾಡಿಸಿಕೊಂಡಿದ್ದರೆ ಕೇಳಿದವರಾದರೂ ಯಾರಾದರೂ ಇರುತ್ತಿದ್ದರು. ಎರಡು ಬೆರಳಿಗೆ ಸಾಕ್ಷಿ ಹೇಳುವವರು ಯಾರು? ಆಫೀಸಿನ ಜನರನ್ನು ಕೇಳಿದರೆ ಎಲ್ಲರಿಗೂ ಅವರವರ ಕಾರ್ಡಿನ ಹಸಿರು ದೀಪದ ಚಿಂತೆ. ಒಬ್ಬರೂ ಬರಲಿಲ್ಲ.

ಆದರೂ ದೂರು ಹೋಯಿತು. ಕರೆ ಬರುವವರೆಗೆ ದಿನಾ ಬೆಳಿಗ್ಗೆ ಆಫೀಸಿನ ಬಾಗಿಲಿಗೆ ಹೋಗಿ, ಕೆಲಸಕ್ಕೆ ಬಂದಿದ್ದೇನೆ ಎಂದು ಹೇಳಿ ಬರಬೇಕೆಂದು ವಕೀಲಮ್ಮ ಹೇಳಿದ್ದಳು. ಇಲ್ಲದಿದ್ದರೆ ಇವರೇ ಕೆಲಸ ಬಿಟ್ಟು ಹೋದರು ಎನ್ನುತ್ತಾರಂತೆ. ಇವರು ನಿಷ್ಠೆಯಿಂದ ಹೋದರು. ಹೋಗಿ ಮತ್ತೆ ಬಾಗಿಲು ಹಿಡಿದರು. ಅದು ತಿಳಿದು ವಕೀಲಮ್ಮ ತಲೆ ಚಚ್ಚಿಕೊಂಡಳು. "ನಿಲ್ಲಿ ಅಣ್ಣ, ಆದ್ರೆ ಬಿಟ್ಟಿ ಕೆಲಸ ಮಾಡಬೇಡಿ."

"ಪೆಟ್ಟಿಗೆ ಹೊತ್ಕೊಂಡು ಬಂದೋರ ಮೂತಿ ಮೇಲೆ ಬಾಗಿಲು ಬೀಳಲಿ ಅಂತ ಬಿಡೋಕಾಗತ್ತೇನಮ್ಮ?"

ಹೀಗಾಗಿ ನಾನೂ ಜೊತೆಗೆ ಹೋಗಿ ಇವರ ಎರಡೂ ಕೈಗಳಿಗೆ ಒಂದೊಂದು ಚೀಲ ಕೊಟ್ಟು ನಿಲ್ಲಿಸಬೇಕಾಯಿತು.

ಸಂಧಾನದ ದಿನ ಬಂತು. ಹೊರಡುವ ಮೊದಲು ವಕೀಲಮ್ಮ ಕಟ್ಟುನಿಟ್ಟಾಗಿ ಹೇಳಿದಳು. "ಅಧಿಕಾರಿ ಕೇಳಿದ್ದಕ್ಕೆ ಮಾತ್ರ ಉತ್ತರ. ಮಿಕ್ಕಿದ್ದು ನನಗೆ ಬಿಡಿ. ಏನೇ ಆದ್ರೂ ಕುರ್ಚಿ ಬಿಟ್ಟು ಏಳಬೇಡಿ."

"ಆ ವಿಷಯದಲ್ಲಿ ನೀನು ನಿಶ್ಚಿಂತೆಯಿಂದಿರು. ಏಳದೆ ಕೂರೋದ್ರಲ್ಲಿ ಇವರನ್ನ ಮೀರಿಸೋರಿಲ್ಲ" ಎಂದು ನಾನೇ ಭರವಸೆ ಕೊಟ್ಟೆ.

ಕಾರ್ಮಿಕ ಇಲಾಖೆಯ ಕೋಣೆ ಚಿಕ್ಕದು. ಉದ್ದದ ಮೇಜು, ತಿರುಗಲೋ ಬೇಡವೋ ಎಂದು ಯೋಚಿಸುವ ಫ್ಯಾನು, ಗೋಡೆಯುದ್ದಕ್ಕೂ ಕಡತಗಳ ರಾಶಿ. ಮೇಜಿನ ತಲೆಯ ಬಳಿ ಅಧಿಕಾರಿ; ನೆಗಡಿಯಾಗಿ ಮೂಗೊರೆಸಿಕೊಳ್ಳುತ್ತಾ ಕೂತಿದ್ದರು. ಒಂದು ಕಡೆ ವಕೀಲಮ್ಮ, ನಾವಿಬ್ಬರು. ಎದುರು ಕಡೆ ಹೊಸ ಕಂಟ್ರಾಕ್ಟರನ ಸೂಪರ್‌ವೈಸರು, ಕಂಪನಿಯ ವಕೀಲರು, ಅವರ ಪಕ್ಕದಲ್ಲಿ ಸಾಹೇಬರು. ಹಳೆಯ ಕಂಟ್ರಾಕ್ಟರನ ಕಡೆಯಿಂದ ಯಾರೂ ಬಂದಿರಲಿಲ್ಲ. ಸಾಹೇಬರನ್ನು ಕಂಡ ಕೂಡಲೇ ನಮ್ಮನೆಯವರ ಮುಖ ಅರಳಿತು. "ಸೊರಗಿದ್ದಾರೆ ಕಣೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಮೇಜಿನಡಿ ಕಾಲು ತುಳಿದೆ.

ಕಂಪನಿಯ ವಕೀಲರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಈ ವ್ಯಕ್ತಿ ನಮ್ಮ ನೌಕರರಲ್ಲ. ಇವರಿಗೆ ಕೆಲಸ ಹೇಳೋದು, ಮಾಡಿಸೋದು, ಎಲ್ಲ ಕಂಟ್ರಾಕ್ಟರಿಗೆ ಬಿಟ್ಟಿದ್ದು. ನಮ್ಮ ಸಾಹೇಬ್ರು ಇವರಿಗೆ ಯಾವತ್ತೂ ಒಂದು ಕೆಲಸ ಹೇಳಿದ್ದಿಲ್ಲ. ನಿಜ ಹೇಳಬೇಕಂದ್ರೆ ಮುಖ ಪರಿಚಯವೂ ಅಷ್ಟಕ್ಕಷ್ಟೇ."

ಪಕ್ಕದಲ್ಲಿ ನಮ್ಮನೆಯವರು, ಗುರುತು ಹಿಡಿಯಲಿ ಎಂದು, ಸಾಹೇಬರ ಕಡೆಗೆ ಮುಖ ಇನ್ನಷ್ಟು ಮುಂದೆ ಚಾಚಿದರು. ನಾನು ಆ ವಕೀಲರ ಕೋಟಿನ ಗುಂಡಿಗಳನ್ನೇ ನೋಡುತ್ತಾ ಹಲ್ಲು ಕಚ್ಚಿ ಕೂತೆ.

"ಹೌದಾ?" ಎಂದು ಅಧಿಕಾರಿ ಸಾಹೇಬರನ್ನು ಕೇಳಿದರು.

ಸಾಹೇಬರು ಮೇಜು ನೋಡುತ್ತಾ, "ಹೌದು... ಅಂದ್ರೆ, ನೇರವಾಗಿ ಆ ಥರ ಏನೂ..." ಎಂದರು. ಮಾತು ಒಣಗಿತು. ಕೆಮ್ಮಿದರು. ಅವರ ವಕೀಲರು ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟತೊಡಗಿದರು. ಕಿವಿ ಅತ್ತ ಕೊಟ್ಟ ಸಾಹೇಬರ ಬಲಗೈ ಮೇಜಿನ ಮೇಲಿತ್ತು. ಅದರ ಎರಡು ಬೆರಳು ಎದ್ದು ಟಕಟಕ ಎಂದವು.

ನಮ್ಮನೆಯವರು ಚಂಗನೆ ಎದ್ದರು. ನಾನು ಶರ್ಟಿನ ತುದಿ ಹಿಡಿದೆ, ಜಾರಿಹೋಯಿತು. ವಕೀಲಮ್ಮ "ಅಣ್ಣಾ" ಎಂದಳು, ಕೇಳಿಸಿಕೊಳ್ಳಲಿಲ್ಲ. ಸರಸರನೆ ಹೊರಗೆ ಹೋದರು. ಕಾರಿಡಾರಿನಲ್ಲಿ ಬಿಸಿ, ತಣ್ಣಗೆ ಎಂದು ಎರಡು ನಲ್ಲಿಯ ನೀರಿನ ಯಂತ್ರವಿತ್ತು. ಮೊದಲು ಒಂದು ನಲ್ಲಿಯ ಸದ್ದು, ಆಮೇಲೆ ಇನ್ನೊಂದರದ್ದು. ಲೋಟವನ್ನು ಕರವಸ್ತ್ರದಿಂದ ಒರೆಸುತ್ತಾ ಒಳಗೆ ಬಂದರು, ಮೇಜು ಸುತ್ತಿಹಾಕಿ ಸಾಹೇಬರ ಬಲಭುಜದ ಹಿಂದೆ ನಿಂತರು. ಸಾಹೇಬರು ವಕೀಲರ ಪಿಸುಮಾತು ಕೇಳುತ್ತಲೇ, ತಿರುಗಿಯೂ ನೋಡದೆ, ಕೈ ಚಾಚಿದರು. ಲೋಟ ಕೈಗೆ ಬಂತು. ಗಟಗಟನೆ ಕುಡಿದರು. ಖಾಲಿ ಲೋಟವನ್ನು ಗಾಳಿಯಲ್ಲಿ ಹಿಡಿದರು. ಅಂಗೈ ಅಲ್ಲಿತ್ತು.

 ಅಧಿಕಾರಿ ಮೂಗೊರೆಸುವುದನ್ನು ಮರೆತು ನೋಡುತ್ತಿದ್ದರು. ನಮ್ಮನೆಯವರು ಮಾತ್ರ ಎಂದಿನಂತೆ ಸಾಹೇಬರ ಹಿಂದೆ ಲೋಟ ಹಿಡಿದು ನಿಂತೇ ಇದ್ದರು.

"ಏನ್ರೀ, ನೀವು ಯಾರ ಕಡೆಯವರು? ಅಲ್ಯಾಕೆ ನಿಂತಿದ್ದೀರಿ?" ಎಂದು ಅಧಿಕಾರಿ ಕೇಳಿದರು.

ಇವರಿಗೆ ಆಗ ಎಚ್ಚರವಾಯಿತು. ನಾಲಗೆ ಕಚ್ಚಿಕೊಂಡು, ಲೋಟ ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ನಮ್ಮ ಕಡೆಗೆ ಬಂದು ಕೂತರು.

"ಅವರಿಗೆ ನೀರು ಬೇಕು ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ಕೇಳಿದ್ರಲ್ಲ ಸಾರ್."

"ನನಗೇನೂ ಕೇಳಿಸಲಿಲ್ಲ."

"ಬೆರಳು..." ಎಂದು ನಮ್ಮನೆಯವರು ಮೆಲ್ಲನೆ ಮೇಜು ಕುಟ್ಟಿ ತೋರಿಸಿದರು. "ಎರಡು ಬೆರಳು ಅಂದ್ರೆ ನೀರು ಸಾರ್. ಕೈ ಅಡ್ಡ ಆಡಿಸಿದ್ರೆ ಟೀ. ಬರೀ ತಣ್ಣೀರು ಆಗಲ್ಲ, ಹಲ್ಲಿಗೆ..."

ಕಂಪನಿಯ ವಕೀಲರು "ಇದು ಬರೀ ಸೌಜನ್ಯ, ಮಾನವೀಯತೆ" ಎಂದು ಏನೋ ಶುರುಮಾಡಿದರು. ಅಧಿಕಾರಿ ಕೈಯೆತ್ತಿ ಅವರನ್ನು ನಿಲ್ಲಿಸಿದರು. "ನೀವು ಸುಮ್ಮನಿರಿ. ಸಾಹೇಬ್ರೇ, ನೀವು ಹೇಳಿ. ನಿಮ್ಮ ಆಫೀಸಿನಲ್ಲಿ ನಿಮಗೆ ನೀರು ತಂದುಕೊಡ್ತಿದ್ದಿದ್ದು ಯಾರು?"

ಸಾಹೇಬರು ಕೆಟ್ಟವರಲ್ಲ, ಹೆದರುಪುಕ್ಕಲು. ಅವರ ತಲೆಯ ಮೇಲೂ ಯಾರೋ ಇದ್ದಾರೆ, ಆ ಯಾರದ್ದೋ ತಲೆಯ ಮೇಲೆ ಇನ್ಯಾರೋ. ಅವರು ಮೊದಲ ಸಲ ಕಣ್ಣೆತ್ತಿ ನಮ್ಮನೆಯವರನ್ನು ನೋಡಿದರು. ಕಿವಿಯ ತನಕ ಕೆಂಪಾಗಿದ್ದರು.

"ಇವನೇ" ಎಂದರು.

ಹೊರಗೆ ಬಂದ ಮೇಲೆ ವಕೀಲಮ್ಮ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣ, ನಾನು ವಾರಗಟ್ಟಲೆ ಓದಿದ್ದನ್ನ ನೀವು ಒಂದು ಲೋಟದಲ್ಲಿ ಮುಗಿಸಿಬಿಟ್ರಿ" ಎಂದಳು. ನನಗೆ ನಗು ಬರಲಿಲ್ಲ. "ಮುಖ ಪರಿಚಯ ಇಲ್ಲ ಅಂದೋರಿಗೆ ಓಡಿಹೋಗಿ ನೀರು ಕೊಟ್ರಲ್ಲ, ನಿಮಗೆ ಮಾನ ಮರ್ಯಾದೆ ಏನಾದ್ರೂ ಇದೆಯಾ" ಎಂದು ಬಸ್ಸಿನಲ್ಲಿ ಪೂರ್ತಿ ದಾರಿ ಬೈದೆ. ಇವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಇಳಿಯುವ ನಿಲ್ದಾಣ ಹತ್ತಿರವಾದಾಗ, "ಅಷ್ಟಕ್ಕಷ್ಟೇ ಅಂದ್ರು ಕಣೆ" ಎಂದರು. ಕಣ್ಣಿನಲ್ಲಿ ನೀರಿತ್ತು.  ಬಸ್ಸಿನಿಂದ ಇಳಿಯುವಾಗ ಕೈ ಹಿಡಿದುಕೊಂಡೆ, ಜನ ನೋಡಿದರೆ ನೋಡಲಿ ಎಂದು.

ಮುಂದಿನ ಸಲ ಕರೆದಾಗ ಕಂಪನಿಯವರು ಮೆತ್ತಗಾಗಿದ್ದರು. ಒಪ್ಪಂದವಾಯಿತು. ಹೊಸ ಕಂಟ್ರಾಕ್ಟರು ಇವರನ್ನು ಅದೇ ಜಾಗಕ್ಕೆ ವಾಪಸ್ಸು ತೆಗೆದುಕೊಳ್ಳಬೇಕು, ನಡುವೆ ಹೋದ ದಿನಗಳನ್ನು ಕೆಲಸದಲ್ಲೇ ಇದ್ದಂತೆ ಲೆಕ್ಕ ಹಿಡಿಯಬೇಕು. ಇವರು ನಿಜಕ್ಕೂ ಕಂಪನಿಯ ನೌಕರರೋ ಅಲ್ಲವೋ ಎಂಬುದನ್ನು ಮಾತ್ರ ಹಾಗೇ ಬಿಟ್ಟರು. "ಅದು ತೀರ್ಮಾನ ಆಗಬೇಕಂದ್ರೆ ನ್ಯಾಯಾಲಯಕ್ಕೇ ಹೋಗಬೇಕು, ಆ ದಾರಿ ಮುಚ್ಚಿಲ್ಲ" ಎಂದು ಅಧಿಕಾರಿ ಹೇಳಿದರು. ವಕೀಲಮ್ಮ ಹೋಗೋಣ ಎಂದಳು. ನಮ್ಮನೆಯವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಸ್ಟೂಲು ಸಿಕ್ತಲ್ಲಮ್ಮ, ಸಾಕು ಬಿಡು. ಸಾಹೇಬ್ರ ಮೇಲೆ ಕೋರ್ಟಿಗೆ ಹೋಗೋದು ಅಂದ್ರೇನು."

ಹೊಸ ಬಣ್ಣದ ಶರ್ಟು ಹಾಕಿಕೊಂಡು, ತಲೆಗೆ ಎರಡೆರಡು ಸಲ ಬಾಚಣಿಗೆ ಆಡಿಸಿ, ಮದುಮಗನ ಹಾಗೆ ಹೋದರು. ದೀಪ ಹಸಿರು ಹತ್ತಿತಂತೆ. ನಾನು ಆ ದಿನ ಯಾರೂ "ಲೇ, ನೀರು" ಎನ್ನದ ಮನೆಯಲ್ಲಿ ಆರಾಮವಾಗಿ ಕಾಲು ಚಾಚಿ ಮಲಗಿದೆ.

ವಾರ ಕಳೆಯುವಷ್ಟರಲ್ಲಿ ಮನುಷ್ಯನ ಮುಖ ಮತ್ತೆ ಗಂಟು ಹಾಕಿಕೊಂಡಿತು. ಕೇಳಿದರೆ ಏನಿಲ್ಲ ಎಂದರು. ನನ್ನ ಮುಂದೆ ಏನಿಲ್ಲ ನಡೆಯುವುದಿಲ್ಲ ಎಂದು ಎದುರು ಕುರ್ಚಿ ಎಳೆದು ಕೂತೆ.

"ಯಾರೂ ನನಗೆ ಏನೂ ಹೇಳಲ್ಲ ಕಣೆ" ಎಂದರು.

ಕಂಪನಿಯ ವಕೀಲರು ಆಫೀಸಿಗೇ ಬಂದು ಎಲ್ಲರಿಗೂ ತಾಕೀತು ಮಾಡಿದ್ದರಂತೆ. ಇನ್ನು ಮುಂದೆ ಈ ಮನುಷ್ಯನಿಗೆ ಯಾರೂ ನೇರವಾಗಿ ಕೆಲಸ ಹೇಳಕೂಡದು. ಹೇಳಿದರೆ ನಾಳೆ ಅದೇ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ. ಏನು ಬೇಕಿದ್ದರೂ ಕಂಟ್ರಾಕ್ಟರನ ಸೂಪರ್‌ವೈಸರಿಗೆ ಹೇಳಬೇಕು. ಆ ಸೂಪರ್‌ವೈಸರು ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಈಗ ಸಾಹೇಬರಿಗೆ ಬಾಯಾರಿದರೆ ಅವರು ಗಾಜಿನ ಕೋಣೆಯಿಂದ ಸೂಪರ್‌ವೈಸರಿಗೆ ಫೋನು ಮಾಡುತ್ತಾರೆ. ಗಾಜಿನ ಈಚೆ ಸ್ಟೂಲಿನ ಮೇಲೆ ಕೂತ ನಮ್ಮನೆಯವರು ಅದನ್ನು ನೋಡುತ್ತಾ ಇರುತ್ತಾರೆ. ನೀರು ಬೆರೆಸಿ ಲೋಟ ತಯಾರು ಮಾಡಿ ಇಟ್ಟುಕೊಂಡೂ ಆಗಿರುತ್ತದೆ. ಆದರೆ ಒಳಗೆ ಹೋಗುವಂತಿಲ್ಲ. ಆಮೇಲೆ ಇವರ ಫೋನು ಬಡಿದುಕೊಳ್ಳುತ್ತದೆ. "ಸಾಹೇಬ್ರಿಗೆ ನೀರಂತೆ" ಎನ್ನುತ್ತಾನೆ ಸೂಪರ್‌ವೈಸರು. ಒಮ್ಮೆ ಅವನು ಸ್ನಾನಕ್ಕೆ ಹೋಗಿದ್ದನಂತೆ. ಸಾಹೇಬರು, ಇವರು ಇಬ್ಬರೂ ಗಾಜಿನ ಆಚೆ ಈಚೆ ಕೂತು, ಅವನು ಮೈ ಒರೆಸಿಕೊಂಡು ಬರುವವರೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರಂತೆ.

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಪಕ್ಕೆ ಹಿಡಿಯಿತು. ಒಳಕೋಣೆಯಿಂದ ನಮ್ಮತ್ತೆ ಏನಾಯಿತೆಂದು ಕೂಗಿದರು. ಇವರೂ ನಕ್ಕರು. ನಗುತ್ತಾ ನಗುತ್ತಾ ನಿಲ್ಲಿಸಿದರು.

"ಬೆರಳು ತಪ್ಪಿ ಕುಟ್ಟಿಬಿಟ್ರೆ ಅಂತ ಕೈಯನ್ನ ಮೇಜಿನ ಕೆಳಗೆ ಬಚ್ಚಿಟ್ಕೊಂಡು ಕೂರ್ತಾರೆ ಕಣೆ ಪಾಪ, ಮಗ್ಗಿ ತಪ್ಪು ಹೇಳಿದ ಮಗು ಥರ. ನನ್ನನ್ನ ತಮ್ಮೋನು ಅನ್ನೋಕೆ ಅಷ್ಟು ಹೆದರಿಕೆನಾ?" ಎಂದರು.  ಊಟವಾದ ಮೇಲೆ ಅವರಾಗಿಯೇ ಹೇಳಿದರು. "ವಕೀಲಮ್ಮನ ಹತ್ರ ಹೋಗೋಣ. ಕೋರ್ಟಿಗೇ ಹಾಕೋಣ. ನಾನು ಯಾರ ಕಡೆಯವನು ಅಂತ ಒಂದು ತೀರ್ಮಾನ ಆಗಲಿ. ನಾಳೆ ರಜೆ ಕೇಳ್ತೀನಿ."

"ರಜೆ ಯಾರನ್ನ ಕೇಳ್ತೀರಿ? ಸೂಪರ್‌ವೈಸರನ್ನ ತಾನೆ?"

"ಯಾರಿಗೆ ಬೇಕು ಅವನು. ಸಾಹೇಬ್ರನ್ನೇ ಕೇಳ್ತೀನಿ" ಎಂದರು.

ಮರುದಿನ ಸಂಜೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿದೆ. ಕೇಳಿದಿರಾ ಎಂದರೆ, ಕೇಳಿದೆ ಎಂದರು. ಗಾಜಿನ ಬಾಗಿಲು ತಳ್ಳಿಕೊಂಡು, ಯಾರ ಫೋನಿಗೂ ಕಾಯದೆ, ಒಳಗೆ ಹೋಗಿ ನಿಂತಿದ್ದರಂತೆ. ಸಾಹೇಬರು ಬೆಚ್ಚಿಬಿದ್ದು ಯಾಕೆ ರಜೆ ಎಂದರಂತೆ.

"ನೀವೇನಂದ್ರಿ?"

"ನಾನು ನಿಮ್ಮ ಕಡೆಯವನು ಅಂತ ಕೋರ್ಟಿನಲ್ಲಿ ಕೇಸು ಹಾಕಬೇಕು ಸಾರ್, ವಕೀಲರನ್ನ ನೋಡೋಕೆ ಹೋಗಬೇಕು ಅಂದೆ."

"ಅಯ್ಯೋ ದೇವರೇ, ಅದನ್ನೂ ಹೇಳಿಬಿಟ್ರಾ?"

"ಕೇಳಿದ್ರಲ್ಲ ಕಣೆ. ಸುಳ್ಳು ಹೇಳೋಕಾಗತ್ತಾ?"

ಸಾಹೇಬರು ಮೇಜಿನ ಕೆಳಗಿದ್ದ ಕೈಯನ್ನು ತೆಗೆದು ಮೇಲಿಟ್ಟರಂತೆ. ಒಮ್ಮೆ ಮೇಜಿನ ಮೇಲಿನ ಫೋನಿನ ಕಡೆ ನೋಡಿದರಂತೆ. ಹೊರಗೆ ಎಲ್ಲರೂ ಕೆಲಸ ನಿಲ್ಲಿಸಿ ಗಾಜಿನೊಳಗೆ ನೋಡುತ್ತಿದ್ದರಂತೆ. ಅವರು ಫೋನು ಮುಟ್ಟಲಿಲ್ಲ. ಎದ್ದು, ತಾವೇ ಬಾಗಿಲ ತನಕ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರಂತೆ. "ಹೋಗಿ ಬಾರಯ್ಯ. ರಜೆ ನಾನು ಕೊಟ್ಟಿದ್ದೀನಿ, ಯಾರಾದ್ರೂ ಕೇಳಿದ್ರೆ ನನ್ನ ಹೆಸರೇ ಹೇಳು."